ಚಿಗರಿಯ ಲೆಕ್ಕ ಹೇಳಿ, ಟ್ರಾಲಿ ಮಾತು ಆಮೇಲೆ

ಬೆಳಗಿನ ಆರೂವರೆಯ ಬಸ್ಸಿಗೆ ನಮ್ಮ ಇಂದೂರಿನಲ್ಲಿ ಹತ್ತುವವರೆಲ್ಲ ಮುಖ ಗೊತ್ತಿರುವವರೇ. ಹುಬ್ಬಳ್ಳಿಯ ಅಂಗಡಿಗಳಿಗೆ ಕೆಲಸಕ್ಕೆ ಹೋಗುವ ಹುಡುಗರು, ಕೈಯಲ್ಲಿ ಎಕ್ಸ್‌ರೇ ಚೀಲ ಹಿಡಿದು ದವಾಖಾನೆಗೆ ಹೊರಟ ಹಿರಿಯರು, ಮತ್ತೆ ಧಾರವಾಡದ ಕಾಲೇಜಿಗೆ ಹೋಗುವ ನಾನು. ಒಳಗೆ ಮುಂಡಗೋಡದಿಂದಲೇ ಸೀಟು ಹಿಡಿದು ಬಂದ ಒಬ್ಬಿಬ್ಬರು ಲಾಮಾಗಳು ನಿದ್ದೆಯಲ್ಲಿರುತ್ತಾರೆ. ಹೋದ ತಿಂಗಳು ಒಂದು ದಿನ ನನ್ನ ಪಕ್ಕ ಕುಳಿತಿದ್ದ ಅಜ್ಜ ಪೇಪರ್ ಮಡಚಿ ನನ್ನ ಕಡೆ ತಿರುಗಿದರು.

"ಯವ್ವಾ, ನೀ ಕಲತಾಕಿ ಇದ್ದಿ. ಹುಬ್ಬಳ್ಳಿಗೆ ಟ್ರಾಲಿ ಬಸ್ ತರ್ತಾರಂತಲ್ಲ, ಏನದು?"

ಮೇಲೆ ಕರೆಂಟಿನ ತಂತಿ ಇರುತ್ತದೆ, ಬಸ್ಸು ಅದರಿಂದ ಕರೆಂಟು ತಗೊಂಡು ಓಡುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ. ಅಜ್ಜ ನಕ್ಕರು. "ಟ್ರಾಲಿ ಅಂದ್ರ ನಮಗ ಟ್ರ್ಯಾಕ್ಟರ್ ಟ್ರಾಲಿ ಒಂದ ಗೊತ್ತು. ಗೋವಿನಜ್ವಾಳಾನೂ ಅದರಾಗ, ಮದಿವಿ ದಿಬ್ಬಣಾನೂ ಅದರಾಗ."

ಹಿಂದಿನ ಸೀಟಿನಿಂದ ಯಾರೋ ಕೂಗಿದರು: "ಅಂಕೋಲಾ ರೈಲು ಬಂದ ಮ್ಯಾಲೆ ಅದೂ ಬರ್ತೈತಿ ಬಿಡ್ರಿ!"

ಇಡೀ ಬಸ್ಸು ನಕ್ಕಿತು. ಕಂಡಕ್ಟರೂ ನಕ್ಕರು. ನಾನೂ ನಕ್ಕೆ. ತಡಸ ದಾಟುವ ತನಕ ಆ ನಗು ನನ್ನನ್ನು ಬಿಡಲಿಲ್ಲ. ಏಕೆಂದರೆ ಹೊರಗಿನವರು ಕೇಳಿದರೆ, ಹಳ್ಳಿ ಮಂದಿಗೆ ಹೊಸದೇನೂ ಬೇಡ ಅನ್ನುತ್ತಾರೆ. ಆ ಬಸ್ಸಿನಲ್ಲಿದ್ದವರ ಜೇಬಿನಲ್ಲೆಲ್ಲ ಸ್ಮಾರ್ಟ್‌ಫೋನ್ ಇತ್ತು, ಟಿಕೆಟ್ ದುಡ್ಡನ್ನು ಫೋನಿನಲ್ಲೇ ಕೊಡುವವರಿದ್ದರು. ಹೊಸದು ಬೇಡ ಎಂದು ಯಾರೂ ಹೇಳಿರಲಿಲ್ಲ. ಬರುತ್ತದೆ ಎಂಬ ಮಾತನ್ನು ಅವರು ನಂಬಲಿಲ್ಲ, ಅಷ್ಟೇ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹುಬ್ಬಳ್ಳಿ-ಧಾರವಾಡದ ನಡುವೆ ಈಗ ಓಡುತ್ತಿರುವುದು ಬಿಆರ್‌ಟಿಎಸ್, ಅಂದರೆ ರಸ್ತೆಯ ನಡುವೆ ಬೇರೆಯೇ ದಾರಿ ಮಾಡಿ ಬಿಟ್ಟ ಚಿಗರಿ ಬಸ್ಸುಗಳು. ಅದನ್ನು ಬದಲಿಸಿ ಇ-ಆರ್‌ಟಿ, ಅಂದರೆ ಎಲೆಕ್ಟ್ರಿಕ್ ರ್‍ಯಾಪಿಡ್ ಟ್ರಾನ್ಸಿಟ್ ತರುವ ಮಾತನ್ನು ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ ಲಾಡ್ ಅವರು ಹಲವು ಸಲ ಆಡಿದ್ದಾರೆ. ಸ್ವಿಟ್ಜರ್ಲೆಂಡಿನ ಹೆಸ್ ಕಂಪನಿಯ ಉದ್ದನೆಯ ಗಾಡಿಗಳ ಹೆಸರೂ ಕೇಳಿಬಂತು. ಹಳಿ ಇಲ್ಲ, ರಬ್ಬರ್ ಗಾಲಿ ಇದೆ, ನೋಡಲು ಟ್ರಾಮ್ ಹಾಗಿದೆ, ಓಡುವುದು ಕರೆಂಟಿನಲ್ಲಿ. ಜನರ ಬಾಯಲ್ಲಿ ಅದು ಒಮ್ಮೆ ಟ್ರಾಮ್, ಒಮ್ಮೆ ಮೆಟ್ರೊ, ಒಮ್ಮೆ ಟ್ರಾಲಿ ಬಸ್.

ನಿಜವಾದ ಟ್ರಾಲಿ ಬಸ್ಸಿನ ತಲೆಯ ಮೇಲೆ ಎರಡು ಕೋಲು ಇರುತ್ತವೆ. ಟ್ರಾಮಿಗೆ ಒಂದೇ ತಂತಿ ಸಾಕು, ಕರೆಂಟು ಕಬ್ಬಿಣದ ಹಳಿಯ ಮೂಲಕ ವಾಪಸಾಗುತ್ತದೆ. ರಬ್ಬರ್ ಗಾಲಿಯ ಬಸ್ಸಿಗೆ ಆ ಅನುಕೂಲ ಇಲ್ಲ, ಹೋಗಲು ಒಂದು ಬರಲು ಒಂದು ಎಂದು ಎರಡು ತಂತಿ ಬೇಕು. ಈಗಿನ ಹೊಸ ಗಾಡಿಗಳಿಗೆ ಉದ್ದಕ್ಕೂ ತಂತಿಯೂ ಬೇಕಾಗಿಲ್ಲ. ಜಿನೀವಾದ ಒಂದು ಮಾರ್ಗದಲ್ಲಿ ಕೆಲ ವರ್ಷಗಳಿಂದ ಓಡುತ್ತಿರುವ ಬಸ್ಸು, ಕೆಲವು ನಿಲ್ದಾಣಗಳಲ್ಲಿ ಜನ ಹತ್ತಿ ಇಳಿಯುವ ಹೊತ್ತಿನಲ್ಲೇ ಮೇಲಿಂದ ಇಪ್ಪತ್ತು ಸೆಕೆಂಡಿನಷ್ಟು ಚಾರ್ಜ್ ಮಾಡಿಕೊಂಡು ಮುಂದೆ ಹೋಗುತ್ತದೆ. ಓದಿದಾಗ ನನಗೆ ಖುಷಿಯೇ ಆಯಿತು. ಹೊಗೆ ಇಲ್ಲ, ಸದ್ದಿಲ್ಲ. ಯಾರಿಗೆ ಬೇಡ?

ಆದರೆ ನಮ್ಮ ಬಸ್ಸಿನ ನಗುವಿಗೂ ಕಾರಣ ಇದೆ. ಹುಬ್ಬಳ್ಳಿ-ಅಂಕೋಲಾ ರೈಲಿಗೆ ಅಡಿಗಲ್ಲು ಹಾಕಿದಾಗ ನಾನು ಹುಟ್ಟಿರಲಿಲ್ಲ. ನಾನು ಡಿಗ್ರಿ ಮುಗಿಸುವ ಹೊತ್ತಾಯಿತು, ರೈಲು ಇನ್ನೂ ಪೇಪರಿನಲ್ಲೇ ಓಡುತ್ತಿದೆ. ಪಶ್ಚಿಮ ಘಟ್ಟದ ಕಾಡು ಉಳಿಯಬೇಕು ಅನ್ನುವವರ ಮಾತಿಗೆ ತೂಕ ಇದೆ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಪ್ರತಿ ಚುನಾವಣೆಯಲ್ಲೂ ಒಮ್ಮೆ ಹಾರ್ನ್ ಹೊಡೆಸಿ ಮತ್ತೆ ಶೆಡ್ಡಿಗೆ ಕಳಿಸುವುದನ್ನು ಎರಡು ತಲೆಮಾರು ನೋಡಿದೆ. ಹುಬ್ಬಳ್ಳಿಯ ಕಿತ್ತೂರು ಚನ್ನಮ್ಮ ವೃತ್ತದ ಮೇಲ್ಸೇತುವೆ ಕೆಲಸ ಎಷ್ಟು ದಿನ ಎಳೆಯಿತು ಎಂಬುದನ್ನು ಅಲ್ಲಿ ದಿನಾ ಸುತ್ತು ಹೊಡೆದವರನ್ನು ಕೇಳಬೇಕು. ಇಷ್ಟೆಲ್ಲ ನೋಡಿದ ಮೇಲೆ ಸ್ವಿಟ್ಜರ್ಲೆಂಡಿನ ಬಸ್ಸಿನ ಫೋಟೊ ನೋಡಿ ಚಪ್ಪಾಳೆ ಹೊಡೆಯದಿದ್ದರೆ ಅದನ್ನು ಹಿಂದುಳಿದ ಬುದ್ಧಿ ಅನ್ನಬಾರದು.

ಹಾಗಂತ ನಾನು ಚಿಗರಿಯನ್ನು ಬೈಯುವ ಗುಂಪಿನವಳೂ ಅಲ್ಲ. ನನ್ನ ಓದು ನಿಂತಿರುವುದೇ ಅದರ ಮೇಲೆ.

ನಮ್ಮ ಚಿಕ್ಕಪ್ಪನ ಮಗಳು ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳೂ ಧಾರವಾಡಕ್ಕೆ ಓದಲು ಹೋಗುತ್ತಿದ್ದಳು. ಆಗ ಆ ರಸ್ತೆಯಲ್ಲಿ ಬಸ್ಸಿಗೆ ಬೇರೆ ದಾರಿ ಇರಲಿಲ್ಲ, ಒಂದು ಕಡೆ ಅಗೆತ, ಇನ್ನೊಂದು ಕಡೆ ಜಾಮ್, ಮಧ್ಯೆ ಧೂಳು. ಧಾರವಾಡ ಬಿಟ್ಟರೆ ಹುಬ್ಬಳ್ಳಿ ಯಾವಾಗ ಮುಟ್ಟುತ್ತೇವೆ ಎಂದು ಹೇಳುವಂತಿರಲಿಲ್ಲ. ಎರಡು ಸಲ ಸಂಜೆ ನಮ್ಮೂರ ಕಡೆಯ ಬಸ್ಸು ತಪ್ಪಿತು. ಮೊದಲ ಸಲ ಚಿಕ್ಕಪ್ಪ ಬೈಕಿನಲ್ಲಿ ಹೋಗಿ ಕರೆತಂದರು. ಎರಡನೆಯ ಸಲವೂ ಕರೆತಂದರು, ಮರುದಿನದಿಂದ ಕಳಿಸಲಿಲ್ಲ. ತಪ್ಪು ಇಂಥವರದೇ ಎಂದು ನಾನು ಹೇಳಲಾರೆ. ಚಿಕ್ಕಪ್ಪನ ಭಯವೂ ನಿಜ, ಅಕ್ಕನ ಅಳುವೂ ನಿಜ. ಅವಳು ಈಗ ಶಿಗ್ಗಾವಿ ಕಡೆ ಸಂಸಾರ ಮಾಡಿಕೊಂಡಿದ್ದಾಳೆ, ಚೆನ್ನಾಗಿದ್ದಾಳೆ. ಆದರೂ ನನ್ನ ಪುಸ್ತಕ ಕಂಡರೆ ತೆಗೆದು ತಿರುವಿ ನೋಡುತ್ತಾಳೆ.

ನನ್ನ ಪಾಳಿ ಬಂದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದ್ದರು: "ಸಂಜಿ ಎಷ್ಟಕ್ಕ ಮನಿ ಮುಟ್ಟತಿ?" ನಾನು ಸಮಯ ಹೇಳಲು ಸಾಧ್ಯವಾಯಿತು. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಹತ್ತಿದರೆ ಹೊಸೂರಿಗೆ ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತಿತ್ತು, ಹತ್ತು ನಿಮಿಷ ಆಚೀಚೆ ಅಷ್ಟೇ. ಆ ಹತ್ತು ನಿಮಿಷದ ಭರವಸೆಯಿಂದಲೇ ನಾನು ಹಾಸ್ಟೆಲ್ ಖರ್ಚಿಲ್ಲದೆ ಓದುತ್ತಿದ್ದೇನೆ. ಮೊದಲ ದಿನ ಗೇಟಿಗೆ ಟಿಕೆಟ್ ತೋರಿಸಿ, ಮೆಟ್ಟಿಲೇ ಇಲ್ಲದೆ ಪ್ಲಾಟ್‌ಫಾರ್ಮಿನಿಂದ ನೇರ ಬಸ್ಸಿನೊಳಗೆ ಕಾಲಿಟ್ಟಾಗ ಬೆಂಗಳೂರಿಗೇ ಬಂದಂತೆ ಅನಿಸಿತ್ತು. ನಮ್ಮ ಕಡೆ ಮಾತಿನಲ್ಲಿ ಚಿಗರಿ ಎಂದರೆ ಜಿಂಕೆ. ಹೆಸರಿಟ್ಟವರು ಯಾರೇ ಆಗಲಿ, ಚೆನ್ನಾಗಿಯೇ ಇಟ್ಟರು.

ಈ ಚಿಗರಿ ಸುಮ್ಮನೆ ಬಂದದ್ದಲ್ಲ. ವಿಶ್ವಬ್ಯಾಂಕಿನ ನೆರವು, ಸಾವಿರ ಕೋಟಿಗೆ ಹತ್ತಿರದ ಖರ್ಚು, ಸುಮಾರು 22 ಕಿಲೋಮೀಟರ್ ದಾರಿ, ನೂರು ಬಸ್ಸು. 2018ರ ಅಕ್ಟೋಬರ್‌ನಲ್ಲಿ ಓಡಾಟ ಶುರುವಾಗಿ, 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ಉದ್ಘಾಟನೆಯಾಯಿತು. ಮರುತಿಂಗಳೇ ಕೊರೊನಾ. ಅಂದರೆ ಅದಕ್ಕೆ ನೆಟ್ಟಗೆ ಓಡಲು ಸಿಕ್ಕ ವರ್ಷಗಳೇ ಕಡಿಮೆ. ಅಷ್ಟರಲ್ಲಿ ಬಸ್ಸುಗಳಿಗೆ ವಯಸ್ಸಾಯಿತು, ದೂರುಗಳು ಬೆಳೆದವು. ಟೋಲ್ ನಾಕಾ ಹತ್ತಿರ ಮಳೆಗೆ ನಿಲ್ಲುವ ನೀರು, ನಡು ರಸ್ತೆಯ ನಿಲ್ದಾಣ ಮುಟ್ಟಲು ವಾಹನಗಳ ಮಧ್ಯೆ ದಾಟಬೇಕಾದ ಕಷ್ಟ, ಉಳಿದ ವಾಹನಗಳಿಗೆ ಇಕ್ಕಟ್ಟಾದ ದಾರಿ, ರಸ್ತೆ ಅಗಲಿಸಲು ಕಡಿದ ಮರಗಳು. ಇವೆಲ್ಲ ವರ್ಷ ವರ್ಷ ಪೇಪರಿನಲ್ಲಿ ಬರುತ್ತಲೇ ಇವೆ.

ಈಗ ಕೇಳಿಬರುವ ಮಾತು ಎರಡು. ಚಿಗರಿ ಸೋತಿತು, ಹೊಸ ಗಾಡಿ ತನ್ನಿ ಎಂಬುದು ಮೇಲಿನವರ ಮಾತು. ಚಿಗರಿ ಸೋತಿತು, ನಡುವಿನ ಕಟಕಟೆ ಕಿತ್ತು ದಾರಿಯನ್ನು ಎಲ್ಲರಿಗೂ ಬಿಡಿ ಎಂಬುದು ಕಾರು-ಬೈಕಿನವರ ಮಾತು. ನನಗೆ ಎರಡೂ ಒಪ್ಪಿಗೆಯಿಲ್ಲ.

ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಹೇಳುವವರು ನನ್ನ ಗೆಳೆಯರು. ನಮ್ಮ ತರಗತಿಯಲ್ಲೇ ಬೈಕಿನ ಹುಡುಗರಿದ್ದಾರೆ. "ಆ ನಡು ದಾರಿ ಖಾಲಿ ಬಿದ್ದಿರ್ತೈತಿ, ನಾವು ಸೈಡಿನ್ಯಾಗ ಸಾಯ್ತೀವಿ" ಅನ್ನುತ್ತಾರೆ. ಅದು ನಿಜ, ಹಾಗೆ ಕಾಣುತ್ತದೆ. ಒಂದು ದಿನ ಸಂಜೆ ಉಣಕಲ್ ಹತ್ತಿರ ಸಿಗ್ನಲ್ಲಿಗೆ ಬಸ್ಸು ನಿಂತಾಗ ಕಿಟಕಿಯಿಂದ ಎಣಿಸಿದೆ. ಪಕ್ಕದ ಸಾಲಿನಲ್ಲಿ ಹದಿನಾಲ್ಕು ಕಾರು, ಅದರಲ್ಲಿ ಒಂಬತ್ತರಲ್ಲಿ ಡ್ರೈವರ್ ಒಬ್ಬರೇ. ಎಲ್ಲ ಸೇರಿಸಿದರೂ ಇಪ್ಪತ್ತೆರಡು ಜನ. ನಮ್ಮ ಬಸ್ಸಿನಲ್ಲಿ ನಿಂತವರನ್ನು ಬಿಟ್ಟು ಕುಳಿತವರೇ ಅದಕ್ಕಿಂತ ಹೆಚ್ಚಿದ್ದರು. ಖಾಲಿ ಕಂಡ ದಾರಿಯಲ್ಲಿ ಜನ ಹೆಚ್ಚು ಸಾಗುತ್ತಿದ್ದರು, ತುಂಬಿ ಕಂಡ ದಾರಿಯಲ್ಲಿ ಕಬ್ಬಿಣ ಹೆಚ್ಚಿತ್ತು. ಇದು ನನ್ನ ಒಂದು ಸಂಜೆಯ ಎಣಿಕೆ, ಸಂಶೋಧನೆಯಲ್ಲ. ನೀವೂ ಒಮ್ಮೆ ಎಣಿಸಿ ನೋಡಿ.

ದೆಹಲಿಯಲ್ಲಿ ಇದೇ ಜಗಳ ನಡೆದಿತ್ತು. ಅಂಬೇಡ್ಕರ್ ನಗರದಿಂದ ಮೂಲಚಂದ್ ತನಕ 5.8 ಕಿಲೋಮೀಟರ್ ಬಸ್ ದಾರಿ 2008ರಲ್ಲಿ ಶುರುವಾಯಿತು. ಕಾರಿನವರು ಸಿಟ್ಟಾದರು, ಕೋರ್ಟಿಗೆ ಹೋದರು. 2012ರಲ್ಲಿ ಹೈಕೋರ್ಟು ಅವರ ಅರ್ಜಿ ತಳ್ಳಿಹಾಕಿತು. ಆದರೂ ಕೊನೆಗೆ ಸರ್ಕಾರವೇ 2016ರ ಹೊತ್ತಿಗೆ ಅದನ್ನು ಕಿತ್ತುಹಾಕಿತು. ಕೋರ್ಟಿನಲ್ಲಿ ಗೆದ್ದ ದಾರಿ ರಸ್ತೆಯಲ್ಲಿ ಸೋತಿತು. ಕಿತ್ತ ಮೇಲೆ ದೆಹಲಿಯಲ್ಲಿ ಜಾಮ್ ಮುಗಿಯಿತು ಎಂದು ಹೇಳುವವರು ನನಗಂತೂ ಸಿಕ್ಕಿಲ್ಲ.

ಕೋಲ್ಕತ್ತದ ಕಥೆ ಇನ್ನೂ ಬೇಸರದ್ದು. 1873ರಲ್ಲಿ ಕುದುರೆ ಎಳೆದು ಶುರುವಾದ ಟ್ರಾಮ್ 1902ರಲ್ಲಿ ಕರೆಂಟಿಗೆ ಬಂತು, ನೂರೈವತ್ತು ವರ್ಷ ಓಡಿತು. 2024ರಲ್ಲಿ ಅಲ್ಲಿನ ಸರ್ಕಾರ ಎಸ್‌ಪ್ಲನೇಡ್-ಮೈದಾನದ ಮಾರ್ಗ ಬಿಟ್ಟು ಉಳಿದದ್ದನ್ನು ನಿಲ್ಲಿಸುವ ಮಾತಾಡಿತು. ಕಾರಣ? ಟ್ರಾಮಿನಿಂದ ಟ್ರಾಫಿಕ್ ಜಾಮ್ ಆಗುತ್ತದೆಯಂತೆ. ಕಾರಿನ ಜೊತೆ ಒಂದೇ ರಸ್ತೆ ಹಂಚಿಕೊಂಡ ಮೇಲೆ ಕಾರಿನ ತಪ್ಪೂ ಟ್ರಾಮಿನ ತಲೆಗೇ ಬಂತು.

ಹಾಗಾಗಿ ದಾರಿ ಬಿಡಿ ಎನ್ನುವ ಗೆಳೆಯರಿಗೆ ನನ್ನ ಮಾತು ಇಷ್ಟು: ನಿಮ್ಮ ದೂರು ಸರಿ, ಸೈಡಿನ ರಸ್ತೆ ಸರಿಮಾಡಲು ಕೇಳೋಣ, ಯೂ-ಟರ್ನ್ ಹತ್ತಿರ ಕೊಡಲು ಕೇಳೋಣ. ನಾನೂ ಸಹಿ ಹಾಕುತ್ತೇನೆ. ಆದರೆ ಆ ಎರಡು ಸಾಲು ಬಸ್ ದಾರಿ ಹೋದರೆ ನಿಮಗೆ ಸಿಗುವುದು ಒಂದು ವರ್ಷದ ಆರಾಮ, ಆಮೇಲೆ ಅದೂ ತುಂಬುತ್ತದೆ. ನನ್ನಂಥವರಿಗೆ ಹೋಗುವುದು ಮನೆಯಲ್ಲಿ ಹೇಳಿಬಂದ ಸಮಯ.

ಇನ್ನು ಹೊಸ ಗಾಡಿ ತರುವವರ ಮಾತು. ಅವರು ಗಾಡಿಯ ಉದ್ದ, ಅದರ ಚೆಲುವು, ಅದರಲ್ಲಿ ಹಿಡಿಯುವ ಜನರ ಸಂಖ್ಯೆ ಹೇಳುತ್ತಾರೆ. ನನಗೆ ಅನುಮಾನ ಅಲ್ಲೇ. ನೀರು ನಿಲ್ಲುವ ರಸ್ತೆಯಲ್ಲಿ ಸ್ವಿಸ್ ಗಾಡಿಯೂ ನಿಲ್ಲುತ್ತದೆ. ನಡು ರಸ್ತೆಯ ನಿಲ್ದಾಣಕ್ಕೆ ಅಜ್ಜಿ ದಾಟುವುದು ಕಷ್ಟವಾದರೆ, ಗಾಡಿ ಬದಲಾದ ಮಾತ್ರಕ್ಕೆ ಅವಳು ದಾಟುವುದಿಲ್ಲ. ಚಿಗರಿಯ ಬಗ್ಗೆ ಜನ ಹೇಳಿದ ಹತ್ತು ದೂರಿನಲ್ಲಿ ಗಾಡಿಗೆ ಸಂಬಂಧಿಸಿದ್ದು ಎರಡೋ ಮೂರೋ. ಉಳಿದದ್ದೆಲ್ಲ ಚರಂಡಿ, ಫುಟ್‌ಪಾತ್, ಸಿಗ್ನಲ್, ರಿಪೇರಿ.

ಟ್ರಾಲಿ ಬಸ್ಸು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಮುಂಬೈಯಲ್ಲಿ 1962ರಲ್ಲಿ ಬಿಟ್ಟರು, 1971ರಲ್ಲಿ ನಿಲ್ಲಿಸಿದರು. ಒಂಬತ್ತು ವರ್ಷ. ಅದಕ್ಕೂ ಮುಂಚೆ ದೆಹಲಿಯಲ್ಲೂ ಇತ್ತು, ಈಗ ಯಾರಿಗೂ ನೆನಪಿಲ್ಲ. ತಂತಿ ಎಳೆದು ಗಾಡಿ ತರುವ ದಿನ ಫೋಟೊ ಬರುತ್ತದೆ. ಹತ್ತನೆಯ ವರ್ಷದ ಬಿಡಿಭಾಗದ ಫೋಟೊ ಯಾರೂ ತೆಗೆಯುವುದಿಲ್ಲ.

ಯಶಸ್ಸಿನ ಉದಾಹರಣೆ ಕೊಡುವವರು ಆಸ್ಟ್ರೇಲಿಯಾದ ಬ್ರಿಸ್ಬೇನ್ ಹೆಸರು ಹೇಳುತ್ತಾರೆ. ಹೆಸ್ ಕಂಪನಿಯ ಇಂಥದೇ 24 ಮೀಟರ್ ಉದ್ದದ ಎಲೆಕ್ಟ್ರಿಕ್ ಬಸ್ಸು ಅಲ್ಲಿ 2025ರ ಜನವರಿಯಿಂದ ನಿಯಮಿತವಾಗಿ ಓಡುತ್ತಿದೆ. ಅದಕ್ಕೆ ಅವರು ಮೆಟ್ರೊ ಎಂದೇ ಹೆಸರಿಟ್ಟಿದ್ದಾರೆ (ಬಸ್ಸಿಗೆ ಮೆಟ್ರೊ ಅನ್ನುವ ಚಾಳಿ ನಮ್ಮವರಿಗೆ ಮಾತ್ರ ಅಂದುಕೊಂಡಿದ್ದೆ). ಆದರೆ ಅದರ ಹಿಂದಿನದನ್ನು ಯಾರೂ ಹೇಳುವುದಿಲ್ಲ. ಬ್ರಿಸ್ಬೇನ್ ಬಸ್ಸಿಗೆಂದೇ ಬೇರೆ ದಾರಿ ಮಾಡಿದ್ದು 2000ದ ಸುಮಾರಿಗೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾಮೂಲಿ ಬಸ್ಸುಗಳನ್ನೇ ಅದರಲ್ಲಿ ಓಡಿಸಿ, ದಾರಿ ಬೆಳೆಸಿ, ಬಸ್ಸಿನ ಮೇಲೆ ಬಸ್ಸು ನಿಲ್ಲುವಷ್ಟು ಜನ ತುಂಬಿದ ಮೇಲೆ ದೊಡ್ಡ ಗಾಡಿ ತಂದರು. ದಾರಿಯನ್ನು ಅವರು ಬಿಟ್ಟುಕೊಡಲಿಲ್ಲ. ನಾವು ಏಳೆಂಟು ವರ್ಷಕ್ಕೇ ಚಿಗರಿ ಫೇಲ್ ಎಂದು ಮಾರ್ಕ್ಸ್ ಕಾರ್ಡ್ ಕೊಟ್ಟು, ಯಾವ ವಿಷಯದಲ್ಲಿ ಫೇಲ್ ಎಂದು ಹೇಳದೆ ಮುಂದಿನ ತರಗತಿಗೆ ಹೊರಟಿದ್ದೇವೆ.

ನನಗೆ ಬೇಕಾದದ್ದು ಆ ಮಾರ್ಕ್ಸ್ ಕಾರ್ಡ್. ಚಿಗರಿಗೆ ಖರ್ಚಾದದ್ದು ಎಷ್ಟು, ದಿನಾ ಎಷ್ಟು ಜನ ಹತ್ತುತ್ತಾರೆ, ಎಷ್ಟು ಬಸ್ಸು ಓಡುತ್ತಿವೆ, ಎಷ್ಟು ಶೆಡ್ಡಿನಲ್ಲಿ ನಿಂತಿವೆ, ನಷ್ಟ ಎಲ್ಲಿಂದ ಬರುತ್ತಿದೆ. ಇದನ್ನು ಕನ್ನಡದಲ್ಲಿ, ನಾಲ್ಕು ಪುಟದಲ್ಲಿ, ಪ್ರತಿ ನಿಲ್ದಾಣದ ಗೋಡೆಗೆ ಅಂಟಿಸಲಿ. ಆಮೇಲೆ ಹೊಸ ಗಾಡಿಯ ಲೆಕ್ಕ ಪಕ್ಕದಲ್ಲಿ ಅಂಟಿಸಲಿ. ಟಿಕೆಟ್ ಎಷ್ಟಾಗುತ್ತದೆ? ಕರೆಂಟು ಹೋದರೆ ಎಷ್ಟು ದೂರ ಓಡುತ್ತದೆ? ನಮ್ಮ ಬಸ್ಸಿನಲ್ಲಿ ಒಬ್ಬ ಅಣ್ಣ ಈ ಕರೆಂಟಿನ ಪ್ರಶ್ನೆ ಕೇಳಿದಾಗ ಉಳಿದವರು ನಕ್ಕರು. ಪಂಪ್‌ಸೆಟ್ಟಿಗೆ ತ್ರೀಫೇಸ್ ಯಾವಾಗ ಬರುತ್ತದೆ ಎಂದು ರಾತ್ರಿ ಎದ್ದು ಕಾಯುವ ರೈತ ಕೇಳಿದ ಪ್ರಶ್ನೆ ಅದು. ಅದಕ್ಕೆ ಎಂಜಿನಿಯರುಗಳ ಬಳಿ ಒಳ್ಳೆಯ ಉತ್ತರ ಇರಬಹುದು, ಗಾಡಿಯೊಳಗೆ ಬ್ಯಾಟರಿ ಇದೆ ಎಂದು ಹೇಳಬಹುದು. ಹೇಳಲಿ, ಆದರೆ ನಮ್ಮೆದುರು ಹೇಳಲಿ.

ಮುಖ್ಯವಾಗಿ, ಕಟ್ಟುವ ವರ್ಷಗಳಲ್ಲಿ ನಮ್ಮನ್ನು ಏನು ಮಾಡುತ್ತಾರೆ? ಈ ಪ್ರಶ್ನೆಯನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ. ಈಗಿರುವ ದಾರಿಯನ್ನು ಬಂದ್ ಮಾಡಿ ಅಗೆಯುತ್ತಾರೋ, ಚಿಗರಿ ಓಡುತ್ತಿರುವಾಗಲೇ ಪಕ್ಕದಲ್ಲಿ ಕೆಲಸ ಮಾಡುತ್ತಾರೋ? ಮೂರು ವರ್ಷ ಎಂದರೆ ಯೋಜನೆಯ ಕಡತದಲ್ಲಿ ಒಂದು ಸಾಲು, ಹುಡುಗಿಯೊಬ್ಬಳಿಗೆ ಇಡೀ ಡಿಗ್ರಿ. ನನ್ನ ತಂಗಿ ಈಗ ಪಿಯುಸಿ ಎರಡನೆಯ ವರ್ಷ. ಮುಂದಿನ ಜೂನಿನಲ್ಲಿ ಅಪ್ಪ ಅವಳಿಗೂ ಅದೇ ಪ್ರಶ್ನೆ ಕೇಳುತ್ತಾರೆ. ರಸ್ತೆ ಮತ್ತೆ ಅಗೆದಿದ್ದರೆ ಅವಳು ಏನು ಹೇಳಬೇಕು?

ಇನ್ನೊಂದು ಮಾತು. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಲೆಕ್ಕದಲ್ಲಿ 9.43 ಲಕ್ಷ. ಯೋಜನೆ ಮಾಡುವವರು ಆ ಸಂಖ್ಯೆ ಹಿಡಿದು ಕೂಡುತ್ತಾರೆ. ಅದರಲ್ಲಿ ನಾನಿಲ್ಲ. ಮುಂಡಗೋಡ, ಕಲಘಟಗಿ, ಹಳಿಯಾಳ, ನವಲಗುಂದ ಕಡೆಯಿಂದ ದಿನಾ ಬಂದು ಹೋಗುವ ಯಾರೂ ಇಲ್ಲ. ಬೆಳಿಗ್ಗೆ ಹೊಸೂರಿನಲ್ಲಿ ನಿಂತು ನೋಡಿದರೆ ಹಳ್ಳಿ ಬಸ್ಸಿನಿಂದ ಇಳಿದವರು ಸಾಲಾಗಿ ಚಿಗರಿಯ ಕಡೆ ನಡೆಯುವುದು ಕಾಣುತ್ತದೆ. ಅವರಿಗೆ ಆ 22 ಕಿಲೋಮೀಟರಿಗಿಂತ ಅದರ ಎರಡು ತುದಿ ಮುಖ್ಯ. ಹೊಸ ಗಾಡಿ ಐದು ನಿಮಿಷ ಬೇಗ ಮುಟ್ಟಿಸಿ, ಸಂಜೆ ಊರಿನ ಬಸ್ಸು ಅದಕ್ಕೆ ಹೊಂದಿಕೊಳ್ಳದಿದ್ದರೆ ಆ ಐದು ನಿಮಿಷವನ್ನು ನಾವು ಫಲಕದ ಕೆಳಗೆ ನಿಂತು ಕಳೆಯಬೇಕು. ಸಭೆ ಕರೆಯುವುದಾದರೆ ಹೋಟೆಲಿನ ಹಾಲ್ ಬಿಟ್ಟು ಒಂದು ದಿನ ಸಂಜೆ ಬಸ್ ನಿಲ್ದಾಣದಲ್ಲೇ ಕರೆಯಲಿ. ಕುರ್ಚಿ ಬೇಡ, ನಿಂತೇ ಇರುತ್ತೇವೆ.

ಇಷ್ಟಾದ ಮೇಲೆ ನೀನು ಟ್ರಾಲಿ ಬಸ್ಸಿನ ಪರವೋ ವಿರೋಧವೋ ಎಂದು ಕೇಳಿದರೆ, ಈಗಿನ ದಾರಿಯಲ್ಲೇ, ಅಗೆಯದೆ, ಮೊದಲು ಹತ್ತು ಎಲೆಕ್ಟ್ರಿಕ್ ಬಸ್ಸು ಬಿಟ್ಟು ಒಂದು ಮಳೆಗಾಲ ಓಡಿಸಿ ತೋರಿಸಿ ಅನ್ನುತ್ತೇನೆ. ಟೋಲ್ ನಾಕಾದ ನೀರಿನಲ್ಲಿ ಅದು ದಾಟಿದರೆ ಮೊದಲು ಚಪ್ಪಾಳೆ ಹೊಡೆಯುವವಳು ನಾನೇ.

ಅವತ್ತು ಸಂಜೆ ವಾಪಸು ಬರುವಾಗ ಅದೇ ಅಜ್ಜ ಮತ್ತೆ ಸಿಕ್ಕರು. ಕಿಮ್ಸ್‌ನಲ್ಲಿ ತೋರಿಸಿಕೊಂಡು ಚಿಗರಿಯಲ್ಲೇ ಹೊಸೂರಿಗೆ ಬಂದಿದ್ದರಂತೆ. "ಥಣ್ಣಗ ಇತ್ತವ್ವಾ ಒಳಗ, ಇಳಿಯಾಕ ಮನಸ್ಸ ಆಗಲಿಲ್ಲ" ಎಂದರು. ನಾನು ಟ್ರಾಲಿ ಬಸ್ಸಿನ ಬಗ್ಗೆ ಓದಿಕೊಂಡದ್ದನ್ನೆಲ್ಲ ಮತ್ತೆ ಹೇಳಲು ಶುರು ಮಾಡಿದೆ. ಎರಡು ಕೋಲು, ಇಪ್ಪತ್ತು ಸೆಕೆಂಡ್ ಚಾರ್ಜ್, ಬ್ರಿಸ್ಬೇನ್. ಅವರು ಪೂರ್ತಿ ಕೇಳಿ, ಚೀಟಿಯ ಹಿಂದೆ ಬರೆದುಕೊಳ್ಳಲು ಪೆನ್ನು ಕೇಳಿದರು.

"ಮುಂದಿನ ಸೋಮವಾರ ಮತ್ತ ಬಾ ಅಂದಾರ. ಹೊಳ್ಳಿ ಬರಾಕ ಕಡೀ ಬಸ್ಸು ಎಷ್ಟಕ್ಕ ಐತಿ, ಅಷ್ಟ ಬರದು ಕೊಡು."